ಶಾಂತಿಯ ಇರುಳು

ಹಬ್ಬಗಳು ಕೇವಲ ಉಂಡು ಉಟ್ಟು ನಲಿಯುವ ದಿನಗಳಲ್ಲ. ಒಂದು ಜನಸಮುದಾಯವು ತಾನು ಶ್ರೇಷ್ಠವೆಂದು ನಂಬಿದ ಮೌಲ್ಯವನ್ನು ವರ್ಷಕ್ಕೊಮ್ಮೆ ನೆನಪಿಗೆ ತಂದುಕೊಳ್ಳುವ ಸಂದರ್ಭಗಳು ಅವು. ದೀಪಾವಳಿಯ ಹಣತೆಯ ಹಿಂದೆ ಕತ್ತಲೆಯನ್ನು ಗೆಲ್ಲುವ ಹಂಬಲವಿದೆ. ರಂಜಾನಿನ ಉಪವಾಸದ ಹಿಂದೆ ಹಸಿದವರ ಸಂಕಟವನ್ನು ಅರಿಯುವ ಸಾಧನೆಯಿದೆ. ಜಗತ್ತಿನ ಬಹುಭಾಗದಲ್ಲಿ ಡಿಸೆಂಬರ್ 25ರಂದು ಆಚರಿಸುವ ಕ್ರಿಸ್‌ಮಸ್ ಹಬ್ಬಕ್ಕೂ ಇಂತಹದೇ ಒಂದು ಒಳದನಿಯಿದೆ.

ಆ ದನಿಯು ಕ್ರಿಸ್ತಜನನದ ಕಥೆಯಲ್ಲಿಯೇ ಕೇಳಿಬರುತ್ತದೆ. ರೋಮ್ ಚಕ್ರವರ್ತಿಯ ಆಜ್ಞೆಯಂತೆ ಹೆಸರು ಬರೆಯಿಸಲು ಬೆತ್ಲೆಹೇಮಿಗೆ ಬಂದ ಜೋಸೆಫ್ ಮತ್ತು ಮರಿಯಳಿಗೆ ಛತ್ರದಲ್ಲಿ ಇಂಬು ದೊರೆಯಲಿಲ್ಲ. ಹುಟ್ಟಿದ ಕೂಸನ್ನು ತಾಯಿಯು ಬಟ್ಟೆಯಲ್ಲಿ ಸುತ್ತಿ ದನಗಳು ಮೇಯುವ ಗೋದಲಿಯಲ್ಲಿ ಮಲಗಿಸಿದಳು. ಆ ಸಂತಸದ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ. ಬಯಲಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕುರಿಮಂದೆಯನ್ನು ಕಾಯುತ್ತಿದ್ದ ಕುರುಬರಿಗೆ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಬಡತನವನ್ನು ಹೀನವೆಂದು ಎಣಿಸದಿರುವುದು, ಹೊರಗಿನವರಿಗೆ ಬಾಗಿಲು ತೆರೆಯುವುದು, ಭೂಮಿಯ ಮೇಲೆ ಶಾಂತಿಯನ್ನು ಬಯಸುವುದು, ಇವೇ ಈ ಕಥೆಯ ತಿರುಳು. ಈ ತಿರುಳು ಮನುಷ್ಯರ ನಡತೆಯಲ್ಲಿ ಬೆಳಗಿದ ಕೆಲವು ನೈಜ ಪ್ರಸಂಗಗಳನ್ನು ಇತಿಹಾಸವು ಕಾಪಾಡಿಕೊಂಡು ಬಂದಿದೆ.

ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ನಗರದ ಬಳಿ ಓಬರ್ನ್‌ಡಾರ್ಫ್ ಎಂಬುದೊಂದು ಚಿಕ್ಕ ಊರು. ಸಾಲ್ಸಾಖ್ ನದಿಯಲ್ಲಿ ದೋಣಿಗಳ ಮೂಲಕ ಉಪ್ಪು ಸಾಗಿಸಿ ಬದುಕುತ್ತಿದ್ದ ಜನರ ಊರು ಅದು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೆಪೋಲಿಯನ್ನನ ಯುದ್ಧಗಳು ಆ ನಾಡನ್ನು ಹಣ್ಣುಮಾಡಿದ್ದವು. 1816ರಲ್ಲಿ ಬೇಸಿಗೆಯೇ ಬಾರದೆ ಬೆಳೆಗಳು ನಾಶವಾಗಿ ಯೂರೋಪಿನ ಅನೇಕ ಕಡೆ ಕ್ಷಾಮ ತಲೆದೋರಿತು. ಅದೇ ವರ್ಷ ಜೋಸೆಫ್ ಮೋರ್ ಎಂಬ ತರುಣ ಪಾದ್ರಿ ಕ್ರಿಸ್ತಜನನದ ಪ್ರಶಾಂತ ಇರುಳನ್ನು ಕುರಿತು ಒಂದು ಕವಿತೆಯನ್ನು ಬರೆದನು. ತಂದೆಯ ಆಸರೆಯಿಲ್ಲದೆ, ದುಡಿದು ಹೊಟ್ಟೆ ಹೊರೆಯುತ್ತಿದ್ದ ತಾಯಿಯ ಮಡಿಲಲ್ಲಿ ಬೆಳೆದ ಅವನಿಗೆ ಬಡತನದ ಬೇಗೆ ಹೊಸದಲ್ಲ.

ಮೋರ್ ಓಬರ್ನ್‌ಡಾರ್ಫಿಗೆ ಬಂದ ಮೇಲೆ, 1818ರ ಡಿಸೆಂಬರ್ 24ರಂದು, ನೆರೆಯ ಹಳ್ಳಿಯ ಶಾಲಾ ಉಪಾಧ್ಯಾಯ ಫ್ರಾಂಟ್ಸ್ ಗ್ರೂಬರನಿಗೆ ಆ ಕವಿತೆಯನ್ನು ಕೊಟ್ಟು ರಾಗ ಸಂಯೋಜಿಸುವಂತೆ ಕೇಳಿಕೊಂಡನು. ಗ್ರೂಬರ್ ನೇಯ್ಗೆಯವನೊಬ್ಬನ ಮಗ. ಸಂಗೀತದ ಮೇಲಿನ ಒಲವಿನಿಂದ ಕಲಿತು ಮುಂದೆ ಬಂದವನು. ಅದೇ ದಿನ ರಾಗ ಸಿದ್ಧವಾಯಿತು. ಅಂದಿನ ರಾತ್ರಿ ಸಂತ ನಿಕೋಲಸನ ಚರ್ಚಿನಲ್ಲಿ ಮೋರ್ ಗಿಟಾರ್ ನುಡಿಸುತ್ತ ಹಾಡಿದನು. ಗ್ರೂಬರ್ ಅವನಿಗೆ ದನಿಗೂಡಿಸಿದನು. ಜರ್ಮನ್ ಭಾಷೆಯಲ್ಲಿ 'ಸ್ಟಿಲ್ಲೆ ನಾಖ್ಟ್', ಎಂದರೆ 'ನೀರವ ರಾತ್ರಿ', ಎಂದು ಹೆಸರಾದ ಗೀತೆ ಹೀಗೆ ಲೋಕಕ್ಕೆ ಬಂದಿತು.

ಊರೂರು ತಿರುಗಿ ಕೈಗವಸು ಮಾರುತ್ತಿದ್ದ ಟಿರೋಲ್ ಪ್ರಾಂತದ ಗಾಯಕ ಕುಟುಂಬವೊಂದು ಈ ಗೀತೆಯನ್ನು ಜರ್ಮನಿಗೆ ಕೊಂಡೊಯ್ದಿತು. ಹಾಡು ಬೆಳೆಯಿತು, ಹಾಡಿದವರ ಹೆಸರು ಮರೆಯಾಯಿತು. ಯಾರೋ ಪ್ರಸಿದ್ಧ ಸಂಗೀತಗಾರನ ಕೃತಿಯೇ ಇರಬೇಕೆಂದು ಜನ ಭಾವಿಸಿದರು. 1854ರಲ್ಲಿ ಬರ್ಲಿನ್ನಿನ ರಾಜಾಸ್ಥಾನದ ಸಂಗೀತವೃಂದದಿಂದ ವಿಚಾರಣೆ ಬಂದಾಗ ಗ್ರೂಬರ್ ನಡೆದ ಸಂಗತಿಯನ್ನು ಬರೆದು ತಿಳಿಸಿದನು. ಅಷ್ಟರಲ್ಲಿ, 1848ರಲ್ಲಿಯೇ, ಮೋರ್ ಬಡವನಾಗಿಯೇ ತೀರಿಕೊಂಡಿದ್ದನು. ತಾನು ಬರೆದ ಹಾಡು ಮುಂದೊಂದು ದಿನ ಮದ್ದುಗುಂಡುಗಳ ಬಾಯನ್ನು ಕಟ್ಟೀತೆಂದು ಅವನು ಕನಸಿನಲ್ಲಿಯೂ ನೆನೆದಿರಲಾರನು.

ಆ ದಿನ ಬಂದುದು 1914ರಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಮೊದಲನೆಯ ಮಹಾಯುದ್ಧವು ಪ್ರಾರಂಭವಾಯಿತು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಯುದ್ಧ ಮುಗಿದು ಮನೆಗೆ ಮರಳುವೆವೆಂದು ನಂಬಿ ಅನೇಕ ತರುಣರು ಸೇನೆಗೆ ಸೇರಿದರು. ಆದರೆ ಡಿಸೆಂಬರ್ ಬರುವಷ್ಟರಲ್ಲಿ ಲಕ್ಷಾಂತರ ಜನ ಮಡಿದಿದ್ದರು. ಬೆಲ್ಜಿಯಮ್ಮಿನ ಕಡಲತೀರದಿಂದ ಸ್ವಿಟ್ಸರ್ಲೆಂಡಿನ ಗಡಿಯವರೆಗೆ ಎರಡೂ ಪಕ್ಷದವರು ಕಂದಕಗಳನ್ನು ತೋಡಿಕೊಂಡು ಎದುರುಬದುರಾಗಿ ಹುದುಗಿ ಕುಳಿತಿದ್ದರು. ನಡುವೆ ಇದ್ದ ನೆಲ ಯಾರಿಗೂ ಸೇರದ್ದು. ಕೆಲವೆಡೆ ಅದರ ಅಗಲ ಕೂಗಿದರೆ ಕೇಳುವಷ್ಟೇ. ಅಲ್ಲಿ ಬಿದ್ದ ಹೆಣಗಳನ್ನು ಎತ್ತಲೂ ಆಗದೆ, ಮೊಣಕಾಲುದ್ದದ ಕೆಸರುನೀರಿನಲ್ಲಿ ನಿಂತು ಸೈನಿಕರು ದಿನ ನೂಕುತ್ತಿದ್ದರು. ಹಬ್ಬದ ದಿನವಾದರೂ ಕದನ ನಿಲ್ಲಲೆಂದು ಪೋಪ್ ಹದಿನೈದನೆಯ ಬೆನೆಡಿಕ್ಟರು ಮಾಡಿದ ಮನವಿಗೆ ಸರಕಾರಗಳು ಕಿವಿಗೊಡಲಿಲ್ಲ.

ದೊರೆಗಳು ಒಪ್ಪದಿದ್ದುದನ್ನು ಸಾಮಾನ್ಯ ಯೋಧರು ಮಾಡಿ ತೋರಿಸಿದರು. ಡಿಸೆಂಬರ್ 24ರ ಸಂಜೆ ಮಳೆ ನಿಂತು ಹಿಮ ಹೆಪ್ಪುಗಟ್ಟತೊಡಗಿತು. ಕತ್ತಲಾಗುತ್ತಿದ್ದಂತೆ ಜರ್ಮನರ ಕಂದಕಗಳ ಅಂಚಿನಲ್ಲಿ ಸಾಲುಸಾಲಾಗಿ ದೀಪಗಳು ಕಾಣಿಸಿದವು. ಇದಾವುದೋ ಮೋಸವಿರಬೇಕೆಂದು ಬ್ರಿಟಿಷ್ ಸೈನಿಕರು ಮೊದಲು ಬಂದೂಕಿಗೆ ಕೈಯಿಟ್ಟರು. ಆದರೆ ಅವು ಮೇಣದ ಬತ್ತಿಗಳನ್ನು ಹಚ್ಚಿದ ಪುಟ್ಟ ಪುಟ್ಟ ಕ್ರಿಸ್‌ಮಸ್ ಮರಗಳು! ಅತ್ತಣಿಂದ 'ಸ್ಟಿಲ್ಲೆ ನಾಖ್ಟ್' ಗೀತೆ ತೇಲಿಬಂದಿತು. ಭಾಷೆ ಬೇರೆಯಾದರೂ ರಾಗ ಪರಿಚಿತವಾದದ್ದು. ಹಾಡು ಮುಗಿದಾಗ ಇತ್ತಣವರು ಚಪ್ಪಾಳೆ ತಟ್ಟಿ ತಮ್ಮದೊಂದು ಹಾಡನ್ನು ಹಾಡಿದರು. ಗುಂಡಿಗೆ ಗುಂಡು ಉತ್ತರವಾಗಿದ್ದ ಎಡೆಯಲ್ಲಿ ಹಾಡಿಗೆ ಹಾಡು ಉತ್ತರವಾಯಿತು.

ಮರುದಿನ ಬೆಳಗ್ಗೆ ಅಲ್ಲಲ್ಲಿ ಒಬ್ಬಿಬ್ಬರು ಆಯುಧವಿಲ್ಲದೆ, ಕೈಗಳನ್ನು ಮೇಲೆತ್ತಿ ಕಂದಕದಿಂದ ಹೊರಬಂದರು. ಆ ಮೊದಲ ಹೆಜ್ಜೆಗೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಎದುರಾಳಿ ನಂಬದಿದ್ದರೆ ಒಂದೇ ಗುಂಡು ಸಾಕಾಗಿತ್ತು. ಬಹಳ ಕಡೆ ಆ ಗುಂಡು ಹಾರಲಿಲ್ಲ. ನಡುನೆಲದಲ್ಲಿ ಶತ್ರುಗಳು ಕೈಕುಲುಕಿದರು. ತಂಬಾಕು, ತಿಂಡಿ, ಸಮವಸ್ತ್ರದ ಗುಂಡಿಗಳನ್ನು ವಿನಿಮಯ ಮಾಡಿಕೊಂಡರು. ಮಡದಿ ಮಕ್ಕಳ ಭಾವಚಿತ್ರಗಳನ್ನು ತೋರಿಸಿದರು. ಕೆಲವೆಡೆ ಕಾಲ್ಚೆಂಡನ್ನು ಒದ್ದಾಡಿದ್ದೂ ಉಂಟು. ಎಲ್ಲಕ್ಕೂ ಮಿಗಿಲಾಗಿ, ವಾರಗಟ್ಟಲೆ ಬಿದ್ದಿದ್ದ ಹೆಣಗಳನ್ನು ಎರಡೂ ಕಡೆಯವರು ಸೇರಿ ಮಣ್ಣುಮಾಡಿದರು. ಒಂದೆಡೆಯಂತೂ ಪಾದ್ರಿಯೊಬ್ಬರು ಇಬ್ಬರಿಗೂ ತಿಳಿಯುವಂತೆ ಎರಡು ಭಾಷೆಗಳಲ್ಲಿ ಪ್ರಾರ್ಥನೆ ನಡೆಯಿಸಿದರು.

ಆಗ ಬ್ರಿಟಿಷರ ಪರವಾಗಿ ಫ್ರಾನ್ಸಿನ ಕಂದಕಗಳಲ್ಲಿ ಭಾರತೀಯ ಯೋಧರೂ ಇದ್ದರು. ಗಢವಾಲ್ ರೈಫಲ್ಸ್ ಪಡೆಯವರು ಅಂದು ಎದುರುಗಡೆಯ ಜರ್ಮನರನ್ನು ಭೇಟಿಯಾದರು. ಹಿಮಾಲಯದ ತಪ್ಪಲಿನಿಂದ ಬಂದ ಆ ಸೈನಿಕರಿಗೆ ಕ್ರಿಸ್‌ಮಸ್ ತಮ್ಮ ಮನೆಯ ಹಬ್ಬವಲ್ಲ. ಆದರೂ ಚಾಚಿದ ಕೈಯ ಅರ್ಥ ತಿಳಿಯಲು ಅವರಿಗೆ ದುಭಾಷಿ ಬೇಕಾಗಲಿಲ್ಲ.

ಸುಮಾರು 1,00,000 ಯೋಧರು ಒಂದಲ್ಲ ಒಂದು ಬಗೆಯಲ್ಲಿ ಈ ವಿರಾಮದಲ್ಲಿ ಪಾಲ್ಗೊಂಡಿರಬಹುದೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಆದರೆ ಎಲ್ಲೆಡೆಯೂ ಹೀಗಾಯಿತೆಂದು ತಿಳಿಯಬಾರದು. ಕೆಲವು ಕಡೆ ಹಬ್ಬದ ದಿನವೂ ಗುಂಡು ಹಾರಿತು, ಜನ ಸತ್ತರು. ಶಾಂತಿ ಇದ್ದ ಕಡೆಯೂ ಅದು ಬಹುಕಾಲ ಉಳಿಯಲಿಲ್ಲ. ಸೈನಿಕರ ಸ್ನೇಹವನ್ನು ಕಂಡು ಮೇಲಧಿಕಾರಿಗಳು ಕಳವಳಗೊಂಡರು. ಶತ್ರುವಿನೊಡನೆ ಬೆರೆಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಎದುರಿಗಿರುವವನೂ ತನ್ನಂತೆಯೇ ಒಬ್ಬ ಮನುಷ್ಯನೆಂದು ತಿಳಿದ ಮೇಲೆ ಅವನಿಗೆ ಗುರಿಯಿಡುವುದು ಸುಲಭವಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಮುಂದಿನ ವರ್ಷ ಇಂತಹ ಮಿಲನ ನಡೆಯದಂತೆ ಕಟ್ಟೆಚ್ಚರ ವಹಿಸಲಾಯಿತು. ಯುದ್ಧವು 1918ರ ನವೆಂಬರ್ 11ರವರೆಗೂ ಮುಂದುವರಿದು 90 ಲಕ್ಷಕ್ಕೂ ಹೆಚ್ಚು ಯೋಧರನ್ನು ಬಲಿತೆಗೆದುಕೊಂಡಿತು.

ಹಾಗಾದರೆ ಆ ಒಂದು ದಿನದ ಶಾಂತಿಯಿಂದ ಆದ ಪ್ರಯೋಜನವೇನು? ಈ ಪ್ರಶ್ನೆ ಸಹಜವಾದುದೇ. ಅದು ಯುದ್ಧವನ್ನು ನಿಲ್ಲಿಸಲಿಲ್ಲ, ನಿಜ. ಆದರೆ ಒಂದು ದೊಡ್ಡ ಸುಳ್ಳನ್ನು ಬಯಲಿಗೆಳೆಯಿತು. ಒಂದು ದೇಶದ ಜನ ಮತ್ತೊಂದು ದೇಶದ ಜನರಿಗೆ ಹುಟ್ಟುವೈರಿಗಳು ಎಂಬುದೇ ಆ ಸುಳ್ಳು. ವೈರವು ಹುಟ್ಟಿನಿಂದ ಬರುವುದಾದರೆ ಒಂದು ಹಾಡಿನಿಂದ ಅದು ಕರಗುತ್ತಿರಲಿಲ್ಲ. ಆ ದಿನವನ್ನು ಕಂಡ ಸ್ಕಾಟ್ಲೆಂಡಿನ ಆಲ್ಫ್ರೆಡ್ ಆಂಡರ್ಸನ್ ಎಂಬ ಯೋಧರು 109 ವರ್ಷ ಬಾಳಿ 2005ರಲ್ಲಿ ತೀರಿಕೊಂಡರು. ಅಂದು ತೋಪುಗಳು ನಿಂತಾಗ ಕವಿದ ಮೌನವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಅಂತಹ ನೆನಪು ಪ್ರಯೋಜನವಿಲ್ಲದ್ದೆಂದು ಹೇಳಲಾಗದು.

ಕ್ರಿಸ್‌ಮಸ್ಸಿನ ಮತ್ತೊಂದು ಮುಖವಾದ ನೆರವು ಮತ್ತು ಕೃತಜ್ಞತೆಗೆ ಅದೇ ಯುದ್ಧಕಾಲದ ಇನ್ನೊಂದು ಪ್ರಸಂಗ ಸಾಕ್ಷಿಯಾಗಿದೆ. 1917ರ ಡಿಸೆಂಬರ್ 6ರಂದು ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿಮದ್ದು ತುಂಬಿದ್ದ 'ಮೋಂ ಬ್ಲಾಂ' ಎಂಬ ಹಡಗಿಗೂ 'ಇಮೊ' ಎಂಬ ಹಡಗಿಗೂ ಡಿಕ್ಕಿಯಾಯಿತು. ಹೊತ್ತಿಕೊಂಡ ಬೆಂಕಿ ಸಿಡಿಮದ್ದಿಗೆ ತಗುಲಿ ನಗರದ ಒಂದು ಭಾಗವೇ ನೆಲಸಮವಾಯಿತು. ಸುಮಾರು 2,000 ಜನ ಸತ್ತರು. ಸುಮಾರು 9,000 ಜನ ಗಾಯಗೊಂಡರು. ಅಪಾಯವನ್ನು ಅರಿತೂ ಓಡಿಹೋಗದೆ, ಬರುತ್ತಿದ್ದ ರೈಲನ್ನು ತಡೆಯಲು ತಂತಿಯ ಸಂದೇಶ ಕಳುಹಿಸುತ್ತ ಪ್ರಾಣ ತೆತ್ತ ವಿನ್ಸೆಂಟ್ ಕೋಲ್ಮನ್ ಎಂಬ ರೈಲ್ವೆ ನೌಕರನ ತ್ಯಾಗವನ್ನು ಆ ನಾಡು ಮರೆತಿಲ್ಲ.

ಸುದ್ದಿಯು ಅಮೆರಿಕದ ಬಾಸ್ಟನ್ ನಗರಕ್ಕೆ ಅಸ್ಪಷ್ಟವಾಗಿ ಮುಟ್ಟಿತು. ತಂತಿಯ ಸಂಪರ್ಕ ಕಡಿದುಹೋಗಿತ್ತು. ನೆರವು ಬೇಕೆ ಎಂಬ ವಿಚಾರಣೆಗೆ ಉತ್ತರವಿಲ್ಲ. ಉತ್ತರ ಬರಲಿ ಎಂದು ಬಾಸ್ಟನ್ನಿನವರು ಕಾಯಲಿಲ್ಲ. ಅದೇ ರಾತ್ರಿ ವೈದ್ಯರು, ದಾದಿಯರು ಮತ್ತು ಔಷಧ ಸಾಮಗ್ರಿಗಳನ್ನು ಹೊತ್ತ ರೈಲು ಹೊರಟಿತು. ದಾರಿಯಲ್ಲಿ ಭೀಕರ ಹಿಮಪಾತ ಅದನ್ನು ತಡೆಯಿತು. ಹಿಮವನ್ನು ಬದಿಗೆ ಸರಿಸುತ್ತ ಮುಂದುವರಿದ ಆ ರೈಲು ಡಿಸೆಂಬರ್ 8ರಂದು ಹ್ಯಾಲಿಫ್ಯಾಕ್ಸನ್ನು ಸೇರಿತು.

ಮರುವರ್ಷ, 1918ರಲ್ಲಿ, ಹ್ಯಾಲಿಫ್ಯಾಕ್ಸಿನ ಜನ ಬಾಸ್ಟನ್ನಿಗೆ ಒಂದು ಕ್ರಿಸ್‌ಮಸ್ ಮರವನ್ನು ಕಾಣಿಕೆಯಾಗಿ ಕಳುಹಿಸಿದರು. ಮನೆಮಠ ಕಳೆದುಕೊಂಡವರ ಬಳಿ ಕೊಡಲು ಬೇರೇನಿದ್ದೀತು? ತಮ್ಮ ಕಾಡಿನ ಒಂದು ಮರ! 1971ರಲ್ಲಿ ಈ ಸಂಪ್ರದಾಯಕ್ಕೆ ಮರುಜೀವ ಬಂದು, ಅಂದಿನಿಂದ ನೋವಾ ಸ್ಕೋಷಿಯಾ ಪ್ರಾಂತವು ವರ್ಷವರ್ಷವೂ ಬಾಸ್ಟನ್ನಿಗೆ ಮರವನ್ನು ಕಳುಹಿಸುತ್ತ ಬಂದಿದೆ. ಉಪಕಾರ ಮಾಡಿದವರೂ ಪಡೆದವರೂ ಗತಿಸಿಹೋದರು. ಕೃತಜ್ಞತೆ ಮಾತ್ರ ಹಸಿರಾಗಿ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ದೊರೆತ ಆಸರೆಯನ್ನು ನೆನೆದು ನಾರ್ವೆಯ ಓಸ್ಲೋ ನಗರವು 1947ರಿಂದ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಮರವನ್ನು ಕಳುಹಿಸುವುದೂ ಇಂತಹದೇ ಪರಿಪಾಠ.

ಕೊಟ್ಟು ಉಣ್ಣುವ ಈ ಗುಣವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಸಮಯಕ್ಕೆ 'ಕುಸ್ವಾರ್' ಎಂಬ ಬಗೆಬಗೆಯ ತಿಂಡಿಗಳನ್ನು ಮಾಡುತ್ತಾರೆ. ಅವು ಮನೆಯವರ ಬಾಯಿಗಷ್ಟೇ ಅಲ್ಲ. ತಟ್ಟೆಯಲ್ಲಿ ತುಂಬಿ ಮತಭೇದವಿಲ್ಲದೆ ನೆರೆಹೊರೆಯ ಮನೆಗಳಿಗೆ ಹೋಗುತ್ತವೆ. ಓಣಿಯಲ್ಲಿ ಮನೆಯಿಂದ ಮನೆಗೆ ಸಾಗುವ ಆ ತಟ್ಟೆಯೂ ಹ್ಯಾಲಿಫ್ಯಾಕ್ಸಿನ ಮರವೂ ಹೇಳುವ ಮಾತು ಒಂದೇ.

ಹಬ್ಬ ಒಂದು ದಿನದ್ದು. ಅದು ಕಲಿಸುವ ಪಾಠ ವರ್ಷವಿಡೀ ಸಲ್ಲುವಂತಹದು. ಸರಕಾರಗಳ ಒಪ್ಪಂದದಿಂದ ಯುದ್ಧಗಳು ನಿಲ್ಲಬಹುದು; ಆದರೆ ಶಾಂತಿಯು ಮೊದಲು ಮೊಳೆಯುವುದು ಮನುಷ್ಯರ ಮನಸ್ಸಿನಲ್ಲಿ. ಶಾಲೆಯ ಅಂಗಳದಲ್ಲಾಗಲಿ ಊರ ಬೀದಿಯಲ್ಲಾಗಲಿ ಜಗಳವಾಡಿದ ಇಬ್ಬರ ನಡುವೆಯೂ ಯಾರಿಗೂ ಸೇರದ ನೆಲವೊಂದು ಇದ್ದೇ ಇರುತ್ತದೆ. ಬರಿಗೈಯಲ್ಲಿ ಅದನ್ನು ದಾಟಲು ಮೊದಲ ಹೆಜ್ಜೆಯಿಡುವವನೇ ನಿಜವಾದ ಧೀರನು.

ಅಭ್ಯಾಸ

1. ಕ್ರಿಸ್ತಜನನದ ಕಥೆಯ ತಿರುಳೇನು?
2. 'ನೀರವ ರಾತ್ರಿ' ಗೀತೆಯು ಹುಟ್ಟಿದ ಸಂದರ್ಭವನ್ನು ವಿವರಿಸಿರಿ.
3. ಸೈನಿಕರ ಸ್ನೇಹವನ್ನು ಕಂಡು ಮೇಲಧಿಕಾರಿಗಳು ಕಳವಳಗೊಂಡುದು ಏಕೆ?
4. ಒಂದು ದಿನದ ಶಾಂತಿ ವ್ಯರ್ಥವಲ್ಲವೆಂದು ಲೇಖಕರು ಹೇಗೆ ಸಮರ್ಥಿಸುತ್ತಾರೆ? ನಿಮ್ಮ ಅಭಿಪ್ರಾಯವೇನು?
5. ಹ್ಯಾಲಿಫ್ಯಾಕ್ಸ್ ಮತ್ತು ಬಾಸ್ಟನ್ ನಗರಗಳ ಬಾಂಧವ್ಯವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
6. ಸಂದರ್ಭವನ್ನು ಸೂಚಿಸಿ ವಿವರಿಸಿರಿ: "ಗುಂಡಿಗೆ ಗುಂಡು ಉತ್ತರವಾಗಿದ್ದ ಎಡೆಯಲ್ಲಿ ಹಾಡಿಗೆ ಹಾಡು ಉತ್ತರವಾಯಿತು."