ಜೊಳ್ಳಿನ ಗುಟ್ಟು ಹೂವಿನ ಬಾಯಲ್ಲಿ

ಬೇಸಿಗೆ ಭತ್ತ ಜೊಳ್ಳಾದರೆ ಗೊಬ್ಬರವನ್ನಷ್ಟೇ ದೂರಬೇಡಿ, ಹೂವನ್ನೂ ನೋಡಿ. ಹೂವಿನ ಬುಡದ ಎರಡು ಪುಟ್ಟ ಎಸಳು ನೀರು ಹೀರಿ ಉಬ್ಬಿದಾಗ ಸಿಪ್ಪೆ ಬಾಯಿ ಬಿಡುತ್ತದೆ. ಸುಮಾರು ಒಂದು ಗಂಟೆ, ಅಷ್ಟೆ. ಆಗ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಸರಿಯಾಗಿ ಉದುರದು, ಕಾಳು ಕಟ್ಟದು.

ಕೆಲವು ಬಾರ್ಲಿ ತಳಿಗಳಲ್ಲಿ ಈ ಎಸಳು ಉಬ್ಬೋದೇ ಇಲ್ಲ. ಕಾರಣ ಒಂದೇ ವಂಶವಾಹಿ; 2010ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಮುಚ್ಚಿದ ಹೂವಿನೊಳಗೇ ಪರಾಗಸ್ಪರ್ಶ. ಬೀಜ ಬೆರಕೆಯಾಗೋದು ಕಮ್ಮಿ. ಹಾಗಂತ ಬಿಸಿ ತಟ್ಟದು ಎಂದಲ್ಲ. ಅದಕ್ಕೆ ಭತ್ತದಲ್ಲಿ ಹಿಡಿದ ದಾರಿಯೇ ಬೇರೆ: ಕಾಡುಭತ್ತದ ಗುಣ ತಂದು, ಬೆಳಗಿನ ತಂಪಲ್ಲೇ ಹೂ ತೆರೆಯುವ ತಳಿ.

ನಮ್ಮ ಕೈಲಿರೋದು? ಹೂವಿನ ವಾರ ಉರಿಬಿಸಿಲಿಗೆ ಸಿಗದಂತೆ ಬಿತ್ತನೆ ಹಿಂದುಮುಂದು ಮಾಡಿ. ಆಗ ಗದ್ದೆಯಲ್ಲಿ ನೀರು ನಿಂತಿರಲಿ.