ಪೇಸ್ಟ್ ಹಚ್ಚಿದ್ದು ಅತ್ತೆ, ಐಸ್ ಇಟ್ಟಿದ್ದು ನಾನು

ಪ್ರಶ್ನೆ: ನನ್ನ ಎರಡೂವರೆ ವರ್ಷದ ಮಗ ಹೋದ ವಾರ ಬಿಸಿ ಚಹಾದ ಲೋಟ ಎಳೆದುಕೊಂಡು ಮುಂಗೈ ಸುಟ್ಟುಕೊಂಡ. ಅತ್ತೆ ಓಡಿ ಬಂದು ಟೂತ್‌ಪೇಸ್ಟ್ ಬಳಿದರು. ನಾನು ಅದನ್ನು ಒರೆಸಿ ಐಸ್ ಇಟ್ಟೆ. ಡಾಕ್ಟರು ಇಬ್ಬರನ್ನೂ ಬೈದರು. ಗಾಯ ಮಾಯುತ್ತಿದೆ, ಮನೆಯೊಳಗಿನ ಮುನಿಸು ಮಾಯುತ್ತಿಲ್ಲ. ‘ನಾಲ್ಕು ಮಕ್ಕಳನ್ನು ಸಾಕಿದವಳಿಗೆ ನೀನು ಹೇಳಿಕೊಡ್ತೀಯಾ’ ಅಂತಾರೆ. ಈಗ ಸಣ್ಣ ಜ್ವರ ಬಂದರೂ ನನ್ನ ಕೈ ನಡುಗುತ್ತದೆ. ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಬ್ಬರಿಗೂ ಬೈಗುಳ ಬಿದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಯಾರ ಮಾತು ಗೆದ್ದಿತು ಎಂಬ ಜಗಳ ಅಲ್ಲಿಗೆ ಮುಗಿಯಿತಲ್ಲ.

ಆಗ ಬೇಕಿದ್ದದ್ದು ಬರೀ ನಲ್ಲಿ ನೀರು. ಚಹಾ ಒರೆಸಿ ತೆಗೆದರೂ ಚರ್ಮದೊಳಗೆ ಇಳಿದ ಬಿಸಿ ಒಳಪದರವನ್ನು ಸುಡುತ್ತಲೇ ಇರುತ್ತದೆ. ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಕೈ ಹಿಡಿಯಬೇಕು. ಮಗು ಅರಚುವಾಗ ಎರಡು ನಿಮಿಷವೇ ಯುಗವಾಗುತ್ತದೆ, ಗಡಿಯಾರ ನೋಡಿ. ನೀರು ಬಾರದ ದಿನವಾದರೆ ಚೆಂಬಿನಿಂದ ಸುರಿಯುತ್ತಿರಿ. ಗಾಬರಿಯಲ್ಲಿ ಮರೆತರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವುಂಟು. ಕೈ ಊದಿಕೊಳ್ಳುವ ಮೊದಲೇ ಬಳೆ, ದಾರ ತೆಗೆಯಿರಿ. ಐಸ್ ರಕ್ತನಾಳ ಕುಗ್ಗಿಸಿ ಗಾಯವನ್ನು ಇನ್ನೂ ಕೆಡಿಸುತ್ತದೆ. ಪೇಸ್ಟ್, ಇಂಕು, ಬೆಣ್ಣೆ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಡಾಕ್ಟರಿಗೆ ಗಾಯವೂ ಕಾಣುವುದಿಲ್ಲ. ಗುಳ್ಳೆ ಒಡೆಯಬೇಡಿ. ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು. ಇಷ್ಟು ಚಿಕ್ಕ ಮಗುವಿಗೆ ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮುಖ, ಅಂಗೈ, ಪಾದ, ಕೀಲು ಸುಟ್ಟಿದ್ದರೆ, ಚರ್ಮ ಬಿಳಿಚಿದ್ದರೆ, ಕರೆಂಟ್ ಹೊಡೆದಿದ್ದರೆ ತಡ ಮಾಡುವಂತೆಯೇ ಇಲ್ಲ.

ಜ್ವರಕ್ಕೆ ಇಷ್ಟು ಹೆದರಬೇಕಿಲ್ಲ. ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಚಟುವಟಿಕೆ ನೋಡಿ. ನೀರು ಕುಡಿಯುತ್ತಾ, ನಡುನಡುವೆ ಆಡುತ್ತಿದ್ದರೆ ಕಾಯಬಹುದು. ಮಂಕಾಗಿ ಬಿದ್ದುಕೊಂಡರೆ, ಏದುಸಿರು ಬಿಟ್ಟರೆ, ಫಿಟ್ಸ್ ಬಂದರೆ, ಮೂರು ದಿನವಾದರೂ ಬಿಡದಿದ್ದರೆ ಹೊರಡಿ. ನನಗೆ ಹೆಚ್ಚು ಭಯ ಸಿರಪ್ಪಿನದು. ಪ್ಯಾರಾಸಿಟಮಾಲ್ 5 ಎಂ.ಎಲ್.ಗೆ 120 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹಳೆ ಬಾಟಲಿಯ ಲೆಕ್ಕದಲ್ಲಿ ಹೊಸದನ್ನು ಕುಡಿಸಿದರೆ ಡೋಸ್ ದುಪ್ಪಟ್ಟಾಗಿಬಿಡುತ್ತದೆ. ಮಗುವಿನ ತೂಕಕ್ಕೆ ಎಷ್ಟು ಎಂದು ಡಾಕ್ಟರನ್ನು ಕೇಳಿ ಬಾಟಲಿಯ ಮೇಲೇ ಬರೆದಿಡಿ. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳದಲ್ಲೇ ಕೊಡಿ.

ಭೇದಿಯಾದಾಗ ನಿಮ್ಮ ಅತ್ತೆಯವರು ಗಂಜಿ ಕೊಡೋಣ ಎಂದರೆ ಅದು ಸರಿಯಾದದ್ದೇ, ಅದರ ಜೊತೆಗೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೆ ಪೂರ್ತಿ ಪುಡಿ ಹಾಕಿ, 24 ಗಂಟೆಯೊಳಗೆ ಖಾಲಿ ಮಾಡಿ, ಉಳಿದದ್ದು ಚೆಲ್ಲಿ. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ.

ಇನ್ನು ಮುನಿಸು. ಈ ಅಂಕಣ ಕತ್ತರಿಸಿ ಅವರ ಮುಂದೆ ಹಿಡಿಯಬೇಡಿ, ಕೆಲಸ ಕೆಡುತ್ತದೆ. ಮುಂದಿನ ಡ್ರೆಸ್ಸಿಂಗ್‌ಗೆ ಅವರನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಅವರೇ ಕೇಳಲಿ. ಸೊಸೆ ಹೇಳಿದರೆ ಉಪದೇಶ, ಡಾಕ್ಟರು ತಮಗೇ ಹೇಳಿದರೆ ಮರ್ಯಾದೆ. ನಾಲ್ಕು ಮಕ್ಕಳನ್ನು ಕಂಡ ಕಣ್ಣಿಗೆ ಮಗು ಮಂಕಾದದ್ದು ನಿಮಗಿಂತ ಮೊದಲೇ ತಿಳಿಯಲೂಬಹುದು, ಆ ಕಾವಲು ಅವರಿಗಿರಲಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಸುಟ್ಟ ಗಾಯಕ್ಕೆ ಧನುರ್ವಾಯುವಿನ ಭಯವೂ ಇರುವುದರಿಂದ, ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ಬಾಕಿ ಉಳಿದಿದೆಯೇ ಎಂದು ತೋರಿಸಿ ಕೇಳಿ.