ಊರಿಗೆ ದಡಾರ ಕಾಲಿಟ್ಟಾಗ: ಮಾಡಬೇಕಾದ್ದು, ಮಾಡಬಾರದ್ದು

ಹೊರಗಿನಿಂದ ಬಂದ ಒಬ್ಬ ರೋಗಿ ಸಾಕು. 2019ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಬಂದ ಪ್ರಯಾಣಿಕರೊಬ್ಬರ ಜೊತೆ ದಡಾರ ಸಮೋವಾಕ್ಕೆ ಬಂತು. ಹಿಂದಿನ ವರ್ಷ ಅಲ್ಲಿ ಮೂರು ಕೂಸುಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಲಸಿಕೆ ತಲುಪಿತ್ತು. ಸುಮಾರು ಎರಡು ಲಕ್ಷ ಜನರ ಆ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತು, 83 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ಲಸಿಕೆ ತಪ್ಪಿದ ಮಕ್ಕಳಿರುವ ಯಾವ ಊರಿನಲ್ಲೂ ಇದು ಆಗಬಹುದು.

ಮಾಡಬೇಕಾದ್ದು

• ತಾಯಿ ಕಾರ್ಡ್ ಈಗಲೇ ತೆಗೆದು ನೋಡಿ. ದಡಾರ-ರುಬೆಲ್ಲಾ ಲಸಿಕೆ ಎರಡು ಸಲ ಬಿದ್ದಿರಬೇಕು: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು.
• ಒಂದು ತಪ್ಪಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ. ದುಡ್ಡು ಕೊಡಬೇಕಿಲ್ಲ.
• ಕಾರ್ಡ್ ಕಳೆದಿದ್ದರೆ ಲಸಿಕೆ ಬಿದ್ದಿಲ್ಲ ಎಂದೇ ತಿಳಿಯಿರಿ.
• ರೋಗಿಯ ಹತ್ತಿರವಿದ್ದ, ಲಸಿಕೆ ಆಗದ ಮಗುವಿಗೆ 72 ಗಂಟೆಯೊಳಗೆ ಹಾಕಿಸಿ.
• 6 ತಿಂಗಳು ತುಂಬಿದ ಕೂಸಿಗೆ ಹೆಚ್ಚುವರಿ ಡೋಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದನ್ನು ಕೊಟ್ಟರೂ ಮುಂದಿನ ಎರಡು ಡೋಸ್ ಹಾಕಿಸಲೇಬೇಕು.
• ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು, ಆಮೇಲೆ ಮುಖದಿಂದ ಕೆಳಗಿಳಿಯುವ ದದ್ದು ಕಂಡರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ.
• ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ.
• ದದ್ದು ಎದ್ದು ನಾಲ್ಕು ದಿನ ಕಳೆಯುವವರೆಗೂ ಮಗುವನ್ನು ಬೇರೆಯಾಗಿ ಮಲಗಿಸಿ.
• ವಿಟಮಿನ್ ಎ ಕೊಡಿಸಿ: ವೈದ್ಯರು ಹೇಳಿದ ಪ್ರಮಾಣದಲ್ಲಿ, ಎರಡು ದಿನ ಬಿಡದೆ. ಮಗುವಿನ ಕಣ್ಣು ಉಳಿಸುವುದು ಇದೇ.
• ನೀರು, ಗಂಜಿ, ಎದೆಹಾಲು ಕೊಡುತ್ತಲೇ ಇರಿ.
• ಏದುಸಿರು ಬಂದರೆ, ಫಿಟ್ಸ್ ಬಂದರೆ, ಮಗು ಏನೂ ಕುಡಿಯದಿದ್ದರೆ 108ಕ್ಕೆ ಕರೆ ಮಾಡಿ.

ಮಾಡಬಾರದ್ದು

• ಕಾಯಿಲೆಯ ಮಗುವನ್ನು ಶಾಲೆ, ಅಂಗನವಾಡಿ, ಮದುವೆ, ಜಾತ್ರೆಗೆ ಕರೆದೊಯ್ಯಬಾರದು.
• ಮಗುವನ್ನು ಬೇರೆ ಇಡಲು ದದ್ದು ಏಳಲಿ ಎಂದು ಕಾಯುವುದು ಬೇಡ. ಅದಕ್ಕೂ ನಾಲ್ಕು ದಿನ ಮೊದಲೇ ಸೋಂಕು ಹರಡಲು ಶುರುವಾಗಿರುತ್ತದೆ.
• ಆಸ್ಪತ್ರೆಯ ಸಾಲಿನಲ್ಲಿ ಇತರ ಮಕ್ಕಳ ಜೊತೆ ಕೂರಿಸಬಾರದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ವೈರಾಣು ಇರಬಲ್ಲದು.
• ಅಮ್ಮ ಬಂದಿದ್ದಾಳೆಂದು ಔಷಧ ತಡೆಯಬಾರದು. ಬೇವಿನ ಸೊಪ್ಪು ಹಾಸಿ, ಹರಕೆ ಹೊರಿ, ಯಾರೂ ಬೇಡವೆನ್ನುವುದಿಲ್ಲ. ಆಸ್ಪತ್ರೆಗೆ ಹೋಗಲು ಮಾತ್ರ ತಡ ಬೇಡ.
• ಪಥ್ಯವೆಂದು ಊಟ ಬಿಡಿಸುವುದು ಬೇಡ.
• ಮಕ್ಕಳಿಗೆ ಆಸ್ಪಿರಿನ್ ಬೇಡ.
• ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸುವುದು ಬೇಡ.
• ಕಣ್ಣಿಗೆ ಸೊಪ್ಪಿನ ರಸ ಹಿಂಡಬಾರದು.
• ಸಣ್ಣ ನೆಗಡಿಯ ನೆಪದಲ್ಲಿ ಲಸಿಕೆ ಮುಂದೂಡುವುದು ಬೇಡ.
• ಗರ್ಭಿಣಿಯರಿಗೆ ಈ ಲಸಿಕೆ ಹಾಕಿಸಬಾರದು. ಅವರು ರೋಗಿಯ ಹತ್ತಿರವಿದ್ದರೆ ತಕ್ಷಣ ವೈದ್ಯರಿಗೆ ಹೇಳಲಿ.
• ಕೆಲಸಕ್ಕೆಂದು ಊರಿಗೆ ಬಂದ ಕುಟುಂಬವನ್ನು ದೂರುವುದು, ಶೆಡ್ಡಿನಿಂದ ಓಡಿಸುವುದು ಬೇಡ. ಹೆದರಿದವರು ಜ್ವರ ಮುಚ್ಚಿಡುತ್ತಾರೆ. ಅವರ ಮಕ್ಕಳನ್ನೂ ನಿಮ್ಮ ಮಕ್ಕಳ ಜೊತೆಗೇ ಲಸಿಕೆಗೆ ಕರೆದುಕೊಂಡು ಹೋಗಿ.